ಜೋಕಿಗೊಂದು ಕಪಾಟು: ಸ್ಟೇಜ್ ಹತ್ತಬೇಕು ಅನ್ನುವ ಹೆಂಗಸರಿಗೆ

ಸೀರಿಯಲ್‌ನಲ್ಲಿ ನೋಡಿದವರು ನನ್ನನ್ನು 'ಪಕ್ಕದ ಮನೆ ಆಂಟಿ' ಅಂತ ಗುರುತು ಹಿಡಿಯುತ್ತಾರೆ. ಓಪನ್ ಮೈಕ್‌ನಲ್ಲಿ, ಅಂದರೆ ಯಾರು ಬೇಕಾದರೂ ಹೆಸರು ಕೊಟ್ಟು ಐದು ನಿಮಿಷ ಸ್ಟೇಜ್ ಮೇಲೆ ಜೋಕು ಹೇಳಬಹುದಾದ ಕಡೆ, ನೋಡಿದವರು ಹೆಸರು ಕೇಳುತ್ತಾರೆ. ಎರಡೂ ಕಡೆ ಪ್ರಶ್ನೆ ಮಾತ್ರ ಒಂದೇ: "ಮೇಡಂ, ನಾನೂ ಮಾಡಬೇಕು, ಎಲ್ಲಿಂದ ಶುರು ಮಾಡಲಿ?" ಕೇಳುವವರಲ್ಲಿ ಜಾಸ್ತಿ ಜನ ಮೂವತ್ತೈದು ದಾಟಿದ ಹೆಂಗಸರು. "ಈ ವಯಸ್ಸಲ್ಲಿ ಇದೆಲ್ಲ..." ಅಂತ ಅರ್ಧಕ್ಕೇ ನಿಲ್ಲಿಸುತ್ತಾರೆ. ಅವರಿಗೆ ನಾನು ಸ್ಟೇಜ್ ಮೇಲೆ ಒಬ್ಬರೇ ನಿಂತು ಜೋಕು ಹೇಳಿ ಹೆಸರು ಮಾಡಿದ ಫಿಲಿಸ್ ಡಿಲರ್ ಕಥೆ ಹೇಳುತ್ತೇನೆ.

ಡಿಲರ್ ಹುಟ್ಟಿದ್ದು 1917ರಲ್ಲಿ, ಅಮೆರಿಕದ ಓಹಾಯೋ ರಾಜ್ಯದಲ್ಲಿ. ಪಿಯಾನೋ ಕಲಿತಿದ್ದರು. ಮದುವೆಯಾಯಿತು, ಐದು ಮಕ್ಕಳನ್ನು ಸಾಕಿದರು. ಮನೆ ನಡೆಸಲು ಓಕ್ಲ್ಯಾಂಡ್‌ನ ಒಂದು ರೇಡಿಯೋದಲ್ಲಿ ಜಾಹೀರಾತು ಬರೆದರು. ಸ್ಯಾನ್ ಫ್ರಾನ್ಸಿಸ್ಕೋದ 'ಪರ್ಪಲ್ ಆನಿಯನ್' ಅನ್ನುವ ನೆಲಮಾಳಿಗೆ ಕ್ಲಬ್ಬಿನಲ್ಲಿ ಮೊದಲ ಸಲ ಮೈಕ್ ಹಿಡಿದಿದ್ದು 1955ರ ಮಾರ್ಚ್‌ನಲ್ಲಿ. ಆಗ ವಯಸ್ಸು 37. ಎರಡು ವಾರಕ್ಕೆ ಅಂತ ಕರೆಸಿದ್ದರು. ಕಾರ್ಯಕ್ರಮ ನಡೆದಿದ್ದು 89 ವಾರ. ಸ್ಟೇಜಿನಿಂದ ನಿವೃತ್ತಿ ಪಡೆದಿದ್ದು 2002ರಲ್ಲಿ. ಲೆಕ್ಕ ನೀವೇ ಹಾಕಿ.

ವಯಸ್ಸಿನ ಮಾತು ಇಲ್ಲಿಗೆ ಮುಗಿಯಿತು. ಇನ್ನು ಕೆಲಸ.

ಮೊದಲು ಡಬ್ಬ, ಆಮೇಲೆ ಸ್ಟೇಜು

ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ ಡಿಲರ್ ಅವರ ಒಂದು ಉಕ್ಕಿನ ಕಪಾಟಿದೆ. ತುಂಬಾ ಸಣ್ಣ ಸಣ್ಣ ಡ್ರಾಯರ್‌ಗಳು. ಒಳಗೆ ಮೂರು ಇಂಚು ಐದು ಇಂಚಿನ ಕಾರ್ಡುಗಳು, ಒಟ್ಟು 52,569. ಒಂದೊಂದರಲ್ಲಿ ಒಂದು ಜೋಕು, ಟೈಪ್ ಮಾಡಿದ್ದು, ವಿಷಯದ ಪ್ರಕಾರ ಅಕಾರಾದಿಯಲ್ಲಿ ಜೋಡಿಸಿದ್ದು. 2003ರಲ್ಲಿ ಅವರೇ ಅದನ್ನು ಮ್ಯೂಸಿಯಂಗೆ ಕೊಟ್ಟರು. 2017ರಲ್ಲಿ ಸ್ವಯಂಸೇವಕರು ಸೇರಿಕೊಂಡು ಆ ಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿದರು. ಸ್ಟೇಜ್ ಮೇಲೆ ನೋಡಿದರೆ ತಲೆಕೆಟ್ಟ ಹೆಂಗಸು ಬಾಯಿಗೆ ಬಂದಿದ್ದು ಒದರುತ್ತಿದ್ದಾಳೆ ಅನಿಸುತ್ತದೆ. ಹಿಂದೆ ಇದ್ದಿದ್ದು ತಾಲೂಕು ಆಫೀಸಿನ ರೆಕಾರ್ಡ್ ರೂಮಿನಷ್ಟು ಕಾಗದ!

ನಿಮಗೆ ಉಕ್ಕಿನ ಕಪಾಟು ಬೇಡ. ಶೂ ಡಬ್ಬ ಸಾಕು. ಕಾರ್ಡಿಗೆ ದುಡ್ಡು ಹಾಕಬೇಡಿ. ಮನೆಗೆ ಬಂದ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದಲ್ವಾ, ಅದನ್ನೇ ಕತ್ತರಿಸಿ. ಗಟ್ಟಿ ಕಾಗದ, ಬೇಗ ಮುದುಡುವುದಿಲ್ಲ. ಮೇಲೆ ವಿಷಯ ಬರೆಯಿರಿ: ಕರೆಂಟು, ನಾದಿನಿ, ಪಿಟಿಎ ಮೀಟಿಂಗು, ಮೊಣಕಾಲು ನೋವು. ಕೆಳಗೆ ಜೋಕು. ಹಿಂದೆ, ಯಾವತ್ತು ಎಲ್ಲಿ ಹೇಳಿದಿರಿ, ನಗು ಬಂತೋ ಇಲ್ವೋ. ನಾನು ಮೂರೇ ಗುರುತು ಇಟ್ಟುಕೊಂಡಿದ್ದೇನೆ. ನಕ್ಕರೆ ಟಿಕ್, ಮುಗುಳ್ನಕ್ಕರೆ ಗೆರೆ, ಯಾರೋ ಕೆಮ್ಮಿದರೆ ಸೊನ್ನೆ. ಮೊಬೈಲ್ ನೋಟ್ಸ್‌ನಲ್ಲಿ ಬರೆದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ. ಆದರೆ ಹತ್ತು ಕಾರ್ಡನ್ನು ನೆಲದ ಮೇಲೆ ಹರಡಿ, ಯಾವುದು ಯಾವುದರ ಹಿಂದೆ ಬಂದರೆ ಚೆಂದ ಅಂತ ಅದಲು ಬದಲು ಮಾಡುವ ಸುಖ ಮೊಬೈಲಿನಲ್ಲಿಲ್ಲ.

'ಅಂತ ಹೇಳಿದರು' ಅನ್ನುವ ಶತ್ರು

ಇದು ಕನ್ನಡದಲ್ಲಿ ಜೋಕು ಹೇಳುವವರಿಗೆ ಇರುವ ತಾಪತ್ರಯ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ನಗು ಬರುವ ಮಾತು ಅದಕ್ಕಿಂತ ಮುಂಚೆಯೇ ಬಂದು ಹೋಗಿರುತ್ತದೆ. ಜನ ನಗಲು ಬಾಯಿ ತೆರೆಯುವಾಗ ನಾವಿನ್ನೂ 'ಅಂತ ಅವರು ನನಗೆ ಹೇಳಿದರು' ಅನ್ನುತ್ತಿರುತ್ತೇವೆ. ಪಾಪ, ಮರ್ಯಾದಸ್ಥರು. ಬಾಯಿ ಮುಚ್ಚಿಕೊಂಡು ಕೇಳುತ್ತಾರೆ.

ನನ್ನ ಡಬ್ಬದ 'ಕುಕ್ಕರ್' ಕಾರ್ಡು ನೋಡಿ. ಮೊದಲು ಹೀಗಿತ್ತು:

"ನಾನು ತವರಿಗೆ ಹೋಗಿದ್ದಾಗ ನಮ್ಮ ಮನೆಯವರು ಫೋನ್ ಮಾಡಿ ಕುಕ್ಕರ್‌ನಲ್ಲಿ ಅನ್ನ ಮಾಡೋದು ಹೇಗೆ ಅಂತ ಕೇಳಿದರು. ಅಕ್ಕಿ ತೊಳೆದು, ನೀರು ಹಾಕಿ, ಒಲೆ ಮೇಲಿಟ್ಟು, ಮೂರು ಸಲ ಕೂಗಿದ ಮೇಲೆ ಆಫ್ ಮಾಡಿ ಅಂದೆ. ಆಮೇಲೆ ಅವರು, ನಾನೇ ಮೂರು ಸಲ ಕೂಗಿದೆ, ಅನ್ನ ಆಗಲಿಲ್ಲ, ಪಕ್ಕದ ಮನೆಯವರು ಗಾಬರಿಯಾಗಿ ಓಡಿ ಬಂದರು ಅಂತ ಫೋನ್ ಮಾಡಿ ಹೇಳಿದರು."

ಈಗಿನದು:

"ತವರಿಗೆ ಹೋಗಿದ್ದೆ. ರಾಯರ ಫೋನು. ಅನ್ನ ಹೇಗೆ ಮಾಡೋದೇ? ಕುಕ್ಕರ್ ಇಡಿ, ಮೂರು ಸಲ ಕೂಗಿದ ಮೇಲೆ ಆಫ್ ಮಾಡಿ ಅಂದೆ. ಅರ್ಧ ಗಂಟೆಗೆ ಮತ್ತೆ ಫೋನು. 'ಮೂರು ಸಲ ಕೂಗಿದೆ ಕಣೇ. ಪಕ್ಕದ ಮನೆಯವರು ಬಂದ್ರು. ಅನ್ನ ಬರ್ಲಿಲ್ಲ.'"

ಏನಾಯಿತು? 'ಫೋನು' ಮುಂದಕ್ಕೆ ಬಂತು. ಹಾಗಾಗಿ 'ಅಂತ ಹೇಳಿದರು' ಬೇಕಾಗಲಿಲ್ಲ. ಅಕ್ಕಿ ತೊಳೆಯುವುದು ಹೋಯಿತು, ಅದು ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. 'ನಾನೇ' ಹೋಯಿತು. ಕೂಗಿದ್ದು ಯಾರು ಅಂತ ಜನ ತಾವೇ ಕಂಡುಹಿಡಿಯಬೇಕು, ನಗು ಇರುವುದೇ ಅಲ್ಲಿ. 'ಗಾಬರಿಯಾಗಿ' ಅನ್ನುವುದನ್ನು ಮುಖದಲ್ಲಿ ತೋರಿಸುತ್ತೇನೆ. ಇನ್ನು ಆ ಪಕ್ಕದ ಮನೆಯವರನ್ನೂ ಅನ್ನವನ್ನೂ ಹಿಂದೆ ಮುಂದೆ ಮಾಡಿದೆ. ಮೊದಲ ನಗು 'ಕೂಗಿದೆ ಕಣೇ' ಹತ್ತಿರ, ಎರಡನೆಯದು ಪಕ್ಕದ ಮನೆಯವರಿಗೆ, ಮೂರನೆಯದು ಅನ್ನಕ್ಕೆ. ಡಿಲರ್ ಹೆಸರಿನ ಜೊತೆ ಸದಾ ಕೇಳಿಬರುವ ಲೆಕ್ಕ ನಿಮಿಷಕ್ಕೆ 12 ನಗು. ಅಷ್ಟು ನಮ್ಮ ಕೈಲಿ ಆಗಲ್ಲ, ಬಿಡಿ. ಆದರೆ ಒಂದು ನಗುವಿಗೆ ಅರ್ಧ ನಿಮಿಷ ಕಾಯಿಸಬೇಡಿ.

ಗಂಡನನ್ನು ಮನೆಯಲ್ಲೇ ಬಿಡಿ

'ರಾಯರು' ನನ್ನ ಗಂಡ ಅಲ್ಲ. ನನ್ನ ಗಂಡನಿಗೆ ಬಿಸಿಬೇಳೆಬಾತ್ ನನಗಿಂತ ಚೆನ್ನಾಗಿ ಬರುತ್ತದೆ. ರಾಯರು ಸ್ಟೇಜಿಗೆ ಅಂತ ಹುಟ್ಟಿಸಿದ ಪ್ರಾಣಿ. ಇದೂ ಡಿಲರ್ ಅವರಿಂದಲೇ ಕದ್ದಿದ್ದು. ಅವರ ಜೋಕುಗಳಲ್ಲಿ 'ಫ್ಯಾಂಗ್' ಅಂತ ಒಬ್ಬ ಗಂಡ ಬರುತ್ತಾನೆ. ಸೋಮಾರಿ, ಕೆಲಸಕ್ಕೆ ಬಾರದವನು. ಅವನು ಕಲ್ಪನೆಯ ಗಂಡ. ನಿಜವಾದ ಗಂಡ ಶೆರ್ವುಡ್ ಡಿಲರ್ ಹೆಂಡತಿಯನ್ನು ಸ್ಟೇಜ್ ಹತ್ತು ಅಂತ ಹಿಂದೆ ಬಿದ್ದವರು.

ನೀವೂ ಒಬ್ಬರನ್ನು ಹುಟ್ಟಿಸಿಕೊಳ್ಳಿ. ಅತ್ತೆ ಬೇಡ, ಅತ್ತೆ ಜೋಕು ಕೇಳಿ ಕೇಳಿ ಜನಕ್ಕೆ ಸಾಕಾಗಿದೆ. ದೊಡ್ಡಪ್ಪ ಇರಲಿ, ಅಪಾರ್ಟ್‌ಮೆಂಟಿನ ಸೆಕ್ರೆಟರಿ ಇರಲಿ. ಹೆಸರಿಡಿ, ಒಂದೇ ಒಂದು ಚಾಳಿ ಕೊಡಿ. ಮೂರು ಜೋಕು ಆದಮೇಲೆ ಹೆಸರು ಹೇಳಿದರೇ ಸಾಕು, ಜನ ನಗಲು ಶುರು ಮಾಡುತ್ತಾರೆ. ಹಬ್ಬಕ್ಕೆ ಮನೆಗೆ ಬಂದ ನೆಂಟರೂ ಮುಖ ಊದಿಸಿಕೊಳ್ಳುವುದಿಲ್ಲ.

ಇನ್ನು ಡಿಲರ್ ವೇಷದ ವಿಷಯ. ಕೆದರಿದ ಕೂದಲು, ಜೋಲು ಬೀಳುವ ಡ್ರೆಸ್ಸು, ಗ್ಲೌಸು, ಕೈಯಲ್ಲಿ ಉದ್ದನೆಯ ಸಿಗರೇಟ್ ಹೋಲ್ಡರು. ಅದು ಬರೀ ಮರದ್ದು, ಡಿಲರ್ ಸಿಗರೇಟ್ ಸೇದುತ್ತಿರಲಿಲ್ಲ. ಇದೆಲ್ಲ ಯೋಚನೆ ಮಾಡಿ ಹಾಕಿದ ವೇಷ. ಆದರೆ ಒಂದು ಕಡೆ ನಾನು ಅವರ ಹಾದಿ ಹಿಡಿಯುವುದಿಲ್ಲ. 'ನಾನು ಕುರೂಪಿ' ಅನ್ನುವ ಜೋಕು ಅವರಲ್ಲಿ ರಾಶಿ ರಾಶಿ. 1955ರಲ್ಲಿ ಗಂಡಸರೇ ತುಂಬಿದ್ದ ಕ್ಲಬ್ಬಿನಲ್ಲಿ ಅದು ಅವರಿಗೆ ಬಾಗಿಲು ತೆರೆಯಿತು, ಒಪ್ಪೋಣ. ನಮಗೆ ಯಾಕೆ? ನಮ್ಮ ಕಾಮಿಡಿ ಶೋಗಳಲ್ಲಿ ದಪ್ಪಗಿರುವ ಹೆಂಗಸನ್ನು ನೋಡಿ ನಗುವುದು ಬೇಕಾದಷ್ಟಿದೆ. ಅದು ಸಾಲದು ಅಂತ ಸೀರೆ ಉಟ್ಟ ಗಂಡಸರು ಬೇರೆ. ನಿಮ್ಮ ಮೈಯನ್ನು ಬಿಟ್ಟು ಬೇರೆ ಏನನ್ನಾದರೂ ಕಾರ್ಡಿಗೆ ಹಾಕಿ.

ಐದು ನಿಮಿಷದ ದಿನ

ಬೆಂಗಳೂರಿನಲ್ಲಿ ಕನ್ನಡ ಓಪನ್ ಮೈಕ್ ನಡೆಸುವವರು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತಾರೆ. ಮೆಸೇಜ್ ಮಾಡಿ ಹೆಸರು ಕೊಡಿ. ಮೊದಲ ಸಲ ಸುಮ್ನೆ ಹೋಗಿ ಕೂತು ನೋಡಿ ಬನ್ನಿ. ಎರಡನೇ ಒಳ್ಳೆಯ ಕಾರ್ಡಿನಿಂದ ಶುರು ಮಾಡಿ, ಎಲ್ಲಕ್ಕಿಂತ ಒಳ್ಳೆಯದನ್ನು ಕೊನೆಗಿಡಿ. ಫೋನಿನಲ್ಲಿ ಆಡಿಯೋ ರೆಕಾರ್ಡ್ ಮಾಡಿ. ಟಾರ್ಚ್ ತೋರಿಸಿದರು ಅಂದರೆ ಸಮಯ ಮುಗಿಯಿತು ಅಂತ, ಇಳಿಯಿರಿ. ಎಷ್ಟೇ ನಗು ಬರುತ್ತಿರಲಿ, ಟೈಮ್ ಮೀರಿದವರನ್ನು ಮತ್ತೆ ಕರೆಯಲು ಹಿಂದೆಮುಂದೆ ನೋಡುತ್ತಾರೆ.

ಟಿವಿಯಿಂದ ಕರೆ ಬಂದರೆ

ಡಿಲರ್ 1958ರಲ್ಲಿ ಹಾಸ್ಯನಟ ಗ್ರೌಚೋ ಮಾರ್ಕ್ಸ್ ಅವರ ಕ್ವಿಜ್ ಶೋನಲ್ಲಿ ಕಾಣಿಸಿಕೊಂಡರು. ಇನ್ನೊಬ್ಬ ಹಾಸ್ಯನಟ ಬಾಬ್ ಹೋಪ್ ಜೊತೆ ಇಪ್ಪತ್ತಕ್ಕೂ ಹೆಚ್ಚು ಟಿವಿ ಸ್ಪೆಷಲ್ ಮಾಡಿದರು. ಅತಿಥಿಯಾಗಿ ಹೋದಲ್ಲೆಲ್ಲ ಗೆದ್ದರು. ಆದರೆ 1966ರಲ್ಲಿ ಎಬಿಸಿ ಚಾನೆಲ್ ಅವರನ್ನೇ ನಾಯಕಿ ಮಾಡಿ 'ದಿ ಪ್ರೂಯಿಟ್ಸ್ ಆಫ್ ಸೌತ್‌ಹ್ಯಾಂಪ್ಟನ್' ಅಂತ ಧಾರಾವಾಹಿ ಮಾಡಿತು. ದುಡ್ಡೆಲ್ಲ ಹೋದರೂ ಶ್ರೀಮಂತರ ಹಾಗೆ ನಟಿಸುವ ಮನೆಯ ಕಥೆ. ನಡುವೆ ಹೆಸರು ಬದಲಿಸಿ ನೋಡಿದರು. ಒಂದೇ ಸೀಸನ್‌ಗೆ ನಿಂತುಹೋಯಿತು. ನನ್ನ ಲೆಕ್ಕದಲ್ಲಿ ಕಾರಣ ಸರಳ. ಸ್ಟೇಜ್ ಮೇಲೆ ಆ ಹೆಂಗಸು ನೇರ ನಮ್ಮ ಹತ್ತಿರ ಮಾತಾಡುತ್ತಾಳೆ. ಧಾರಾವಾಹಿಯಲ್ಲಿ ಬೇರೆ ಪಾತ್ರಗಳ ಹತ್ತಿರ ಮಾತಾಡಬೇಕು.

ಆದ್ದರಿಂದ ಸೆಟ್ಟಿಗೆ ಹೋಗುವಾಗ ಡಬ್ಬ ಮನೆಯಲ್ಲಿರಲಿ. ಡೈಲಾಗ್ ಬೆಳಿಗ್ಗೆ ಕೈಗೆ ಬರುತ್ತದೆ, ಕೆಲವೊಮ್ಮೆ ಶಾಟ್ ಹೊತ್ತಿಗೆ ಬರುತ್ತದೆ. ಪಕ್ಕದಿಂದ ಪ್ರಾಂಪ್ಟ್ ಮಾಡುತ್ತಾರೆ. ಕೇಳಿಸಿಕೊಳ್ಳುತ್ತಲೇ ಎದುರಿನವರ ಮುಖ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಸೆಟ್‌ನಲ್ಲಿ ಯಾರೂ ನಗುವುದಿಲ್ಲ. ಹೆದರಬೇಡಿ, ಅವರು ಊಟದ ಬ್ರೇಕ್ ಯಾವಾಗ ಅಂತ ನೋಡುತ್ತಿರುತ್ತಾರೆ. ನಿಮ್ಮದೊಂದು ಮಾತು ಸೇರಿಸಬೇಕು ಅನಿಸಿದರೆ ರಿಹರ್ಸಲ್‌ನಲ್ಲೇ ಡೈರೆಕ್ಟರನ್ನು ಕೇಳಿ. ಟೇಕ್ ನಡುವೆ ಸೇರಿಸಿದರೆ ಎದುರಿನ ನಟಿ ತಡವರಿಸುತ್ತಾಳೆ, ಬೈಗುಳ ನಿಮಗೆ. ಪ್ರತಿ ಸೀನ್ ಮುಗಿದ ಮೇಲೆ ಸೀರೆ, ಬಳೆ, ಹೂವು ಸಮೇತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ಸೀನಿನ ಉಳಿದರ್ಧವನ್ನು ಇನ್ನೊಂದು ದಿನ ತೆಗೆಯಬಹುದು.

ಇನ್ನು ದುಡ್ಡು. ದಿನಕ್ಕೆ ಎಷ್ಟು, ಯಾವಾಗ ಕೊಡುತ್ತಾರೆ, ಓಡಾಟದ ಖರ್ಚು ಯಾರದು, ಈ ಮೂರನ್ನೂ ಹೋಗುವ ಮೊದಲೇ ಕೇಳಿ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಒಂದು ಧಾರಾವಾಹಿ ತಂಡದವರು ನನ್ನನ್ನು ತಿಂಗಳುಗಟ್ಟಲೆ "ನಾಳೆ ಬನ್ನಿ ಮೇಡಂ" ಅಂತ ಅಲೆಸಿದರು. ಕೊನೆಗೆ ಕೈಹಿಡಿದಿದ್ದು ಅಂಥದ್ದೇ ಒಂದು ಮೆಸೇಜು. ಆ ಕಥೆಯ ಕಾರ್ಡು ಡಬ್ಬದಲ್ಲಿ 'ನ' ಅಕ್ಷರದ ಹಿಂದೆ ಇದೆ, ಇಲ್ಲಿಯವರೆಗೆ ಎಲ್ಲಾ ಕಡೆ ಟಿಕ್.