ಶಾಲು ಬಿಚ್ಚಿದ ಮೇಲೆ

ಕಾಸರಗೋಡಿನ ಗೇರುತೋಟಗಳ ಮೇಲೆ 2000ದ ವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳಿವೆ. ಅಂಥ ಒಂದು ಊರಿನ ವಿಶೇಷ ಶಾಲೆಗೆ ಟೀಚರಾಗಿ ಸೇರಿದ ಮೊದಲ ವಾರವೇ ನಾನೊಬ್ಬ ಹುಡುಗನನ್ನು ಕುರ್ಚಿಗೆ ಕಟ್ಟಿದೆ. ಹನ್ನೊಂದು ವರ್ಷ, ಮಾತು ಬಾರದು. ರಸ್ತೆಗೆ ಓಡುತ್ತಿದ್ದ, ತಡೆದರೆ ಕಚ್ಚುತ್ತಿದ್ದ. ಶಾಲಿನಿಂದ ಕಟ್ಟುವುದು ಅಲ್ಲಿ ರೂಢಿ. ಗಲಾಟೆ ಹೆಚ್ಚಾದರೆ ಅಕ್ಕಿಕೋಣೆಗೆ ಕೂಡಿ ಚಿಲಕ. ಸಂಜೆ ಬಂದ ತಾಯಿ ಮಗನ ಮಣಿಕಟ್ಟಿನ ಗೆರೆ ನೋಡಿ, "ಬೀಡಿ ಕಟ್ಟುವಾಗ ನಾನೂ ಇವನನ್ನು ಕಂಬಕ್ಕೆ ಕಟ್ಟುತ್ತೇನೆ ಟೀಚರ್. ಇಲ್ಲಿಯಾದರೂ ಬಿಟ್ಟಿರುತ್ತೀರಿ ಅಂದುಕೊಂಡಿದ್ದೆ" ಎಂದರು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂದು ನನಗೆ ಗೊತ್ತಿತ್ತು. ಆದರೆ ನಾವು ಕಟ್ಟುವುದನ್ನು ಶಿಕ್ಷೆ ಎನ್ನುತ್ತಿರಲಿಲ್ಲ, ಸುರಕ್ಷೆ ಎನ್ನುತ್ತಿದ್ದೆವು.

ಮರುದಿನ ಆಯಾ ಮತ್ತು ನಾನು ಒಂದೇ ನಿಯಮ ಮಾಡಿಕೊಂಡೆವು: ಕಟ್ಟಿದರೆ ಒಂದು ಪುಸ್ತಕದಲ್ಲಿ ಬರೆಯಬೇಕು. ಎಷ್ಟು ಗಂಟೆಗೆ, ಅದಕ್ಕೆ ತುಸು ಮೊದಲು ಏನಾಗಿತ್ತು, ಎಷ್ಟು ಹೊತ್ತು, ಬಿಚ್ಚಿದ್ದು ಯಾರು. ಮೂರು ವಾರ ಕಳೆದು ಪುಟ ತಿರುವಿದರೆ ಅವನ ಓಟವೆಲ್ಲ ಹನ್ನೊಂದೂವರೆಯ ಆಸುಪಾಸು. ಅಡುಗೆಮನೆಯಲ್ಲಿ ತೆಂಗಿನಕಾಯಿ ಅರೆಯುವ ಮಿಕ್ಸಿ ಶುರುವಾಗುವ ಹೊತ್ತದು. ಅವನು ಎದ್ದಾಗ ನಾವು 'ಇರಿಕ್ಕ್, ಇರಿಕ್ಕ್' (ಕೂರು, ಕೂರು) ಎಂದು ಮಲಯಾಳದಲ್ಲಿ ಕೂಗುತ್ತಿದ್ದೆವು. ಅವನ ಮನೆಮಾತು ತುಳು. ಮಕ್ಕಳು ಬರುವ ಮೊದಲೇ ಅರೆದಿಡಲು ಹೇಳಿದೆ. ತುಳುವಿನಲ್ಲಿ 'ಕುಳ್ಳು ಮಗಾ' ಎಂದರೆ ತಿರುಗಿ ನೋಡತೊಡಗಿದ. ಪ್ರತಿ ಸಲ ಕೂರಲಿಲ್ಲ, ಆದರೆ ನೋಡಿದ.

ಅಕ್ಕಿಕೋಣೆಯ ಚಿಲಕ ಕೀಳಿಸಿದೆ. ಅದರ ಬದಲು ವರಾಂಡದ ಮೂಲೆಗೆ ಚಾಪೆ, ಅರ್ಧ ಪರದೆ. ಇದೂ ಕೂಡಿಹಾಕಿದಂತೆಯೇ ಅಲ್ಲವೇ ಎಂದು ಜೊತೆಯ ಟೀಚರ್ ಕೇಳಿದರು. ಮಗು ತಾನಾಗಿ ಹೋಗಿ, ಬೇಕೆನಿಸಿದಾಗ ಎದ್ದು ಬರುವ ತನಕ ಅಲ್ಲ. 'ಹೋಗಿ ಅಲ್ಲಿ ಕೂರು' ಎಂದು ನಾವು ಗದರಿದ ದಿನ ಅದು ಅಕ್ಕಿಕೋಣೆಯೇ.

ಹಿಡಿಯುವುದು ಪೂರ್ತಿ ನಿಂತಿಲ್ಲ. ಬಸ್ಸಿನೆದುರು ಓಡುವ ಮಗುವನ್ನು ಹಿಡಿಯಲೇಬೇಕು. ಆದರೆ ಬೋರಲು ಮಲಗಿಸಿ ಬೆನ್ನು ಒತ್ತಿ ಹಿಡಿಯಲೇಬಾರದು. ಎದೆ ಹಿಗ್ಗದೆ ಉಸಿರುಕಟ್ಟಿ ಜೀವವೇ ಹೋಗಬಹುದು. ಅಪಾಯ ಕಳೆದ ಕೂಡಲೇ ಬಿಡಬೇಕು, ಅದೇ ದಿನ ಮನೆಯವರಿಗೆ ತಿಳಿಸಬೇಕು. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಈ ತಿಳಿಸುವ ಕೆಲಸವೇ.

ಪುಸ್ತಕವನ್ನು ಆ ತಾಯಿಗೆ ಓದಿ ಹೇಳಿದೆ. ಮಿಕ್ಸಿಯ ವಿಷಯ ಬಂದಾಗ ನನ್ನನ್ನು ತಡೆದರು. "ಹೌದು ಟೀಚರ್, ಆಚೆ ತೋಟಕ್ಕೆ ಹುಲ್ಲು ಕೊಯ್ಯುವ ಮೆಷಿನು ಬಂದ ದಿನವೇ ಇವ ಮನೆಯಿಂದ ಓಡುವುದು."