ಮಡಚು ಚಾಕು ಮೊದಲಿನಂತೆ ಚಿಮ್ಮುತ್ತಿಲ್ಲವೇ? ಸ್ಪ್ರಿಂಗ್‌ಗೆ ಕೈ ಹಾಕುವ ಮೊದಲು

‘ಅಸಿಸ್ಟೆಡ್ ಓಪನಿಂಗ್’ ಎಂದು ಕರೆಯುವ ಮಡಚು ಚಾಕುವಿನಲ್ಲಿ ಅಲಗು ತೆರೆಯುವ ಕೆಲಸವನ್ನು ಬೆರಳು ಶುರು ಮಾಡುತ್ತದೆ, ಸ್ಪ್ರಿಂಗ್ ಮುಗಿಸುತ್ತದೆ. ಅಲಗಿನ ಬುಡದಲ್ಲಿರುವ ಪುಟ್ಟ ಗುಬುಟನ್ನು ಹೆಬ್ಬೆರಳಿನಿಂದಲೋ, ಹಿಡಿಯ ಬೆನ್ನಿನಿಂದ ಹೊರಚಾಚಿದ ಫ್ಲಿಪ್ಪರ್ ತುದಿಯನ್ನು ತೋರುಬೆರಳಿನಿಂದಲೋ ಸ್ವಲ್ಪ ತಳ್ಳಬೇಕು. ಅಮೆರಿಕದ ವಿನ್ಯಾಸಕ ಬ್ಲ್ಯಾಕಿ ಕಾಲಿನ್ಸ್ 1990ರ ದಶಕದ ನಡುಭಾಗದಲ್ಲಿ ಇಂಥ ಚಾಕು ರೂಪಿಸಿದರು. ಆಮೇಲೆ ಕೆನ್ ಆನಿಯನ್ ಅವರ ‘ಸ್ಪೀಡ್‌ಸೇಫ್’ ವ್ಯವಸ್ಥೆ ಕರ್ಶಾ ಕಂಪನಿಯ ಚಾಕುಗಳೊಂದಿಗೆ ಎಲ್ಲೆಡೆ ಹರಡಿತು.

ಇಂಥ ಚಾಕು ಒಂದೆರಡು ವರ್ಷ ಬಳಸಿದವರ ದೂರು ಸಾಮಾನ್ಯವಾಗಿ ಒಂದೇ: ಅಲಗು ಅರ್ಧಕ್ಕೆ ನಿಲ್ಲುತ್ತದೆ. ಬೈಗುಳ ಸ್ಪ್ರಿಂಗ್‌ಗೆ ಬೀಳುತ್ತದೆ. ಆದರೆ ಸ್ಪ್ರಿಂಗ್ ಸೊರಗುವುದು ಅಪರೂಪ. ಅದು ಕೆಲಸ ಮಾಡುತ್ತದೆ, ಇಲ್ಲವೇ ಮುರಿಯುತ್ತದೆ. ಮಂದವಾಗುವುದಕ್ಕೆ ಕಾರಣ ಪಿವಟ್‌ನಲ್ಲಿ (ಅಲಗು ತಿರುಗುವ ಕೀಲು) ಸೇರಿದ ಜೇಬಿನ ಜುಂಗು, ಗಟ್ಟಿಯಾದ ಹಳೆಯ ಎಣ್ಣೆ ಅಥವಾ ಅತಿಯಾಗಿ ಬಿಗಿದ ಸ್ಕ್ರೂ. ಮೂರನ್ನೂ ಚಾಕು ಬಿಚ್ಚದೆಯೇ ಸರಿಪಡಿಸಬಹುದು.

ಒಳಗೇನಿದೆ

ಹೆಚ್ಚಿನವುಗಳಲ್ಲಿ ಹಿಡಿಯ ಒಂದು ಬದಿಗೆ ತೆಳ್ಳಗಿನ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಸರಳು, ಇರುತ್ತದೆ. ಒಂದು ತುದಿ ಹಿಡಿಗೆ, ಇನ್ನೊಂದು ಅಲಗಿನ ಬುಡಕ್ಕೆ ಸಿಕ್ಕಿಸಿರುತ್ತದೆ. ಕೆಲವು ಕಂಪನಿಗಳು ಸುರುಳಿ ಸ್ಪ್ರಿಂಗ್ ಹಾಕುತ್ತವೆ. ಚಾಕು ಮುಚ್ಚಿರುವಾಗ ಇದೇ ಬಾರ್ ಅಲಗನ್ನು ಒಳಕ್ಕೇ ಒತ್ತಿ ಹಿಡಿಯುತ್ತದೆ. ಬೆರಳು ಅಲಗನ್ನು ಸ್ವಲ್ಪ ದೂರ ತಿರುಗಿಸಿದ ಮೇಲೆ ಒತ್ತಡದ ದಿಕ್ಕು ತಿರುಗಿ ಅಲಗು ಹೊರಕ್ಕೆ ಚಿಮ್ಮುತ್ತದೆ. ಬಟನ್ ಒತ್ತಿದರೆ ತೆರೆಯುವ ಸ್ವಿಚ್‌ಬ್ಲೇಡ್‌ನಲ್ಲಿ ಹಾಗಲ್ಲ: ಅಲ್ಲಿ ಸ್ಪ್ರಿಂಗ್ ಸದಾ ಹೊರಕ್ಕೆ ತಳ್ಳುತ್ತಿರುತ್ತದೆ, ಕೊಂಡಿಯೊಂದು ತಡೆದಿರುತ್ತದೆ. ಬಾರ್ ಮುರಿದ ಚಾಕು ಏಕೆ ಅಪಾಯಕಾರಿ ಎಂಬುದೂ ಇದರಿಂದಲೇ ತಿಳಿಯುತ್ತದೆ. ತೆರೆಯುವ ಬಲದ ಜೊತೆಗೆ ಮುಚ್ಚಿ ಹಿಡಿಯುವ ಬಲವೂ ಹೋಗಿರುತ್ತದೆ.

ಮೊದಲು ಹಿಡಿತ ನೋಡಿ

ಚಾಕು ಸರಿಯಾಗಿಯೇ ಇದ್ದು, ಹಿಡಿದ ರೀತಿ ತಪ್ಪಿರುವುದೂ ಉಂಟು. ಹಿಡಿಯ ಒಂದು ಬದಿಯೇ ಲಾಕ್ ಪಟ್ಟಿಯಾಗಿರುವ ಫ್ರೇಮ್ ಲಾಕ್ ಚಾಕುವಿನಲ್ಲಿ ಬೆರಳುಗಳು ಆ ಪಟ್ಟಿಯ ಮೇಲೆ ಬಿಗಿಯಾಗಿ ಕೂತರೆ ಅದು ಅಲಗಿನ ಬುಡಕ್ಕೆ ಉಜ್ಜುತ್ತದೆ, ಎಂಥ ಸ್ಪ್ರಿಂಗ್ ಆದರೂ ತಿಣುಕುತ್ತದೆ. ಪಟ್ಟಿಯ ಮೇಲಿನ ಬೆರಳನ್ನು ಅಂಚಿಗೆ ಸರಿಸಿ ಫ್ಲಿಪ್ಪರ್ ಅನ್ನು ಒಮ್ಮೆಗೆ, ದೃಢವಾಗಿ ಹಿಂದಕ್ಕೆ ಎಳೆಯಿರಿ. ಹೆಬ್ಬೆರಳ ಗುಬುಟಾದರೆ ಅದನ್ನು ಹಿಡಿಯ ಕಡೆಗೆ ಅದುಮದೆ, ಅಲಗು ತಿರುಗುವ ದಿಕ್ಕಿಗೆ ಹೊರಮುಖವಾಗಿ ತಳ್ಳಿ. ಜೊತೆಗೆ ಮಣಿಕಟ್ಟನ್ನು ಬೀಸುವ ಚಟ ಬೇಡ. ಸ್ಪ್ರಿಂಗಿನ ವೇಗಕ್ಕೆ ಬೀಸಿನ ವೇಗವೂ ಸೇರಿ ಅಲಗು, ಪೂರ್ತಿ ತೆರೆದಾಗ ಅದನ್ನು ನಿಲ್ಲಿಸುವ ತಡೆಗೂಟಕ್ಕೆ ಬಡಿಯುತ್ತದೆ. ತಡೆಗೂಟ, ಲಾಕ್ ಎರಡೂ ಬೇಗ ಸವೆಯುತ್ತವೆ.

ಗಾಯಗಳಾಗುವುದು ಹೆಚ್ಚಾಗಿ ಮುಚ್ಚುವಾಗ. ಲಾಕ್ ಬಿಡಿಸಿ ಅಲಗನ್ನು ಒತ್ತಿದಾಗ ಮೊದಲು ಸ್ಪ್ರಿಂಗ್ ಎದುರಿಗೆ ತಳ್ಳುತ್ತದೆ. ಆಮೇಲೆ ಕೊನೆಯ ಭಾಗದಲ್ಲಿ ಅದೇ ಸ್ಪ್ರಿಂಗ್ ಅಲಗನ್ನು ತಟ್ಟನೆ ಒಳಕ್ಕೆ ಎಳೆದುಕೊಳ್ಳುತ್ತದೆ. ಅಲಗು ಸ್ವಲ್ಪ ಮಡಚಿದ ಕೂಡಲೇ ಲಾಕ್ ಮೇಲಿನ ಹೆಬ್ಬೆರಳನ್ನು ತೆಗೆದು, ಅಲಗಿನ ಬೆನ್ನನ್ನು ಇನ್ನೊಂದು ಕೈಯ ಅಂಗೈಯಿಂದ ಒತ್ತಿ ಮುಚ್ಚುವುದು ಒಳ್ಳೆಯದು.

ಬಿಚ್ಚದೆ ಶುಚಿ ಮಾಡುವ ಕ್ರಮ

1. ಅಲಗು ತೆರೆದು ಲಾಕ್ ಮಾಡಿ. ಅಲಗಿನ ಹರಿತವಾದ ಬಾಯಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಸುತ್ತಿ.

2. ಪಿವಟ್‌ನ ಎರಡೂ ಬದಿಯ ಸಂದಿಗಳಲ್ಲಿರುವ ಜುಂಗನ್ನು ಹಲ್ಲುಕಡ್ಡಿಯಿಂದ ಕೆದಕಿ ತೆಗೆಯಿರಿ. ಪಿನ್ನು, ಸೂಜಿ ಬೇಡ, ವಾಷರ್‌ಗೆ ಗೀರು ಬೀಳುತ್ತದೆ.

3. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ಪಿವಟ್, ಲಾಕ್ ಪಟ್ಟಿ ಮತ್ತು ಹಿಡಿಯ ಒಳಭಾಗ ಉಜ್ಜಿ. ಟೇಪ್ ಇರುವಂತೆಯೇ ಅಲಗನ್ನು ಅರ್ಧದಷ್ಟು ಹಿಂದೆ ಮುಂದೆ ಆಡಿಸಿ, ಹರಿಯುವ ನೀರಿನಲ್ಲಿ ತೊಳೆಯಿರಿ.

4. ಕೊಡವಿ, ಹೇರ್ ಡ್ರೈಯರ್‌ನಿಂದ ಪೂರ್ತಿ ಒಣಗಿಸಿ. ಈ ಹಂತಕ್ಕೆ ಅವಸರ ಸಲ್ಲದು. ಒಳಗೆ ಉಳಿದ ನೀರು ಟಾರ್ಷನ್ ಬಾರ್ ಮೇಲೆ ತುಕ್ಕಿನ ಚುಕ್ಕೆ ಎಬ್ಬಿಸುತ್ತದೆ, ಬಾರ್ ಮುರಿಯುವುದು ಅಂಥ ಚುಕ್ಕೆಯಿಂದಲೇ ಶುರುವಾಗಬಹುದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಕೆಲವು ಹನಿ ಬಿಟ್ಟರೆ ಬೇಗ ಒಣಗುತ್ತದೆ. ಅದು ಬೆಂಕಿ ಹಿಡಿಯುವ ದ್ರವ. ಡ್ರೈಯರ್ ಕೆಲಸ ಮುಗಿದ ಮೇಲೆ, ಗಾಳಿಯಾಡುವ ಕಡೆ ಬಳಸಿ.

5. ಪಿವಟ್‌ನ ಎರಡೂ ಬದಿಗೆ ಒಂದೊಂದೇ ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ಹಣ್ಣು ತರಕಾರಿ ಕತ್ತರಿಸುವ ಚಾಕುವಾದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಸಾಕು. ಟೇಪ್ ತೆಗೆದು ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ, ಹೊರಬಂದ ಎಣ್ಣೆ ಒರೆಸಿ.

ಕೊಬ್ಬರಿ ಎಣ್ಣೆ ಕೈಗೆ ಸಿಗುತ್ತದೆಂದು ಹಾಕಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ. ಡಬ್ಲ್ಯುಡಿ-40 ನೀರು, ಕೊಳೆ ಹೊರದೂಡಲು ಒಳ್ಳೆಯದೇ, ಆದರೆ ಬಹುಕಾಲ ನಿಲ್ಲುವ ಜಾರುಎಣ್ಣೆಯ ಜಾಗಕ್ಕೆ ಅದು ಬಾರದು. ಎಣ್ಣೆ ಹೆಚ್ಚಾದರೂ ತೊಂದರೆಯೇ, ಇನ್ನಷ್ಟು ಜುಂಗು ಅಂಟುತ್ತದೆ.

ಪಿವಟ್ ಸ್ಕ್ರೂ

ಶುಚಿಯಾದ ಮೇಲೂ ಮಂದವಿದ್ದರೆ ಸ್ಕ್ರೂ ಬಿಗಿಯಾಗಿದೆ ಎಂದರ್ಥ. ಸ್ಕ್ರೂ ತಲೆ ಬಹುತೇಕ ಆರು ಮೂಲೆಯ ಟಾರ್ಕ್ಸ್. ಟಿ6 ಮತ್ತು ಟಿ8 ಬಿಟ್ ಇದ್ದರೆ ಹೆಚ್ಚಿನ ಚಾಕುಗಳಿಗೆ ಸಾಕು. ಸರಿಯಾಗಿ ಕೂರದ ಬಿಟ್ ಹಾಕಿ ತಿರುಗಿಸಿದರೆ ತಲೆ ಸವೆದು ಕೆಲಸ ಕೆಡುತ್ತದೆ. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ ಸಡಿಲಿಸಿ, ತೆರೆದು ನೋಡಿ. ಆಮೇಲೆ ಲಾಕ್ ಆದ ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಅಲುಗಿದರೆ ಸಡಿಲ ಹೆಚ್ಚಾಗಿದೆ. ಅಲುಗದೆ ಸರಾಗವಾಗಿ ಚಿಮ್ಮುವ ಜಾಗ ತೀರ ಕಿರಿದು, ಎರಡು ಮೂರು ಪ್ರಯತ್ನದಲ್ಲಿ ಸಿಗುತ್ತದೆ.

ಸ್ಪ್ರಿಂಗ್ ಹೊಡೆತಕ್ಕೆ ಸ್ಕ್ರೂ ತಾನಾಗಿ ಸಡಿಲವಾಗುತ್ತಿದ್ದರೆ ಅದನ್ನು ಹೊರತೆಗೆದು, ಎಣ್ಣೆ ಒರೆಸಿ, ಎಳೆಗಳಿಗೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಸೂಜಿಮೊನೆಯಷ್ಟು ಹಚ್ಚಿ. ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಿ. ಕೆಂಪು ಬಣ್ಣದ್ದು ಬೇಡ, ಅದನ್ನು ಬಿಡಿಸಲು ಬೇಕಾದ ಶಾಖವನ್ನು ಪ್ಲಾಸ್ಟಿಕ್ ಹಿಡಿ ತಾಳಲಾರದು.

ಬಾರ್ ಮುರಿದಿದ್ದರೆ

ತಳ್ಳಿದಾಗ ಬಲವೇ ಇಲ್ಲದೆ ಅಲಗು ಓಲಾಡುತ್ತದೆ, ಕೆಲವೊಮ್ಮೆ ಒಳಗೆ ಮುರಿದ ತುಂಡು ಸದ್ದು ಮಾಡುತ್ತದೆ. ಅಂಥ ಚಾಕು ಜೇಬಿಗೆ ಸಲ್ಲದು. ರಬ್ಬರ್ ಬ್ಯಾಂಡ್ ಬಿಗಿದು ಎತ್ತಿಡಿ. ಬಿಚ್ಚಿದರೆ ವಾರಂಟಿ ಹೋಗುವುದುಂಟು, ಆದ್ದರಿಂದ ಮೊದಲು ಕಂಪನಿಗೆ ಬರೆಯಿರಿ. ನೀವೇ ಬದಲಿಸುವುದಾದರೆ ಕನ್ನಡಕ ಧರಿಸಿ, ಬಾಯಿಗೆ ಟೇಪ್ ಸುತ್ತಿ, ಒತ್ತಡ ಕಡಿಮೆ ಇರುವಂತೆ ಅಲಗು ತೆರೆದ ಸ್ಥಿತಿಯಲ್ಲೇ ಬಿಚ್ಚಿ, ಪ್ರತಿ ಹಂತದ ಫೋಟೊ ತೆಗೆದುಕೊಳ್ಳಿ. ಹೊಸ ಬಾರ್ ತಿರುವುಮುರುವಾಗಿ ಕೂತರೆ ಮೊದಲ ದಿನವೇ ಬಾಗುತ್ತದೆ.

ಕೊಳ್ಳುವಾಗ

ತೆರೆದಾಗ ಲಾಕ್ ಪಟ್ಟಿ ಅಲಗಿನ ಬುಡದ ದಪ್ಪದ ಕಾಲುಭಾಗದಿಂದ ಅರ್ಧದವರೆಗೆ ಆವರಿಸಿರಬೇಕು. ಹೊಸದರಲ್ಲೇ ಎದುರು ಬದಿಯವರೆಗೆ ಹೋಗಿದ್ದರೆ ಸವೆಯಲು ಜಾಗವೇ ಉಳಿದಿಲ್ಲ, ಬೇಡ. ಉಕ್ಕಿನಲ್ಲಿ 8ಸಿಆರ್13ಎಂಒವಿ ಅಗ್ಗ, ಸಾಣೆಗೆ ಸುಲಭ. ತೇವದ ಊರಿಗೆ ಸ್ಯಾಂಡ್ವಿಕ್ 14ಸಿ28ಎನ್ ಮೇಲು. ಎರಡಕ್ಕೂ ಪ್ರತಿ ಬದಿಗೆ 20 ಡಿಗ್ರಿ ಕೋನದ ಸಾಣೆ ಸಾಕು. 20 ಮಿಲಿಮೀಟರ್ ಅಗಲದ ಅಲಗಾದರೆ ಬೆನ್ನು ಕಲ್ಲಿನಿಂದ ಸುಮಾರು 7 ಮಿಲಿಮೀಟರ್ ಎತ್ತರದಲ್ಲಿರಲಿ. ಒಂದು ಕೈಯಲ್ಲಿ ಹಗ್ಗವೋ ಕೊಂಬೆಯೋ ಹಿಡಿದು ಕೆಲಸ ಮಾಡುವವರಿಗೆ ಸ್ಪ್ರಿಂಗ್ ನೆರವು ನಿಜಕ್ಕೂ ಉಪಯೋಗ. ರಟ್ಟಿನ ಡಬ್ಬಿ ಒಡೆಯುವುದಷ್ಟೇ ಆದರೆ ಸ್ಪ್ರಿಂಗ್ ಇಲ್ಲದ ಒಳ್ಳೆಯ ಚಾಕುವೇ ವಾಸಿ, ಮುರಿಯುವ ಭಾಗ ಒಂದು ಕಡಿಮೆ.

ಕಾನೂನು

ಅಮೆರಿಕದ 1958ರ ಸ್ವಿಚ್‌ಬ್ಲೇಡ್ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ, ಮುಚ್ಚುವ ಕಡೆಗೆ ಒತ್ತಡವಿರುವ ಈ ಬಗೆಯ ಚಾಕುಗಳಿಗೆ ಕೇಂದ್ರ ಮಟ್ಟದಲ್ಲಿ ವಿನಾಯಿತಿ ಸಿಕ್ಕಿತು. ರಾಜ್ಯಗಳ ನಿಯಮ ಬೇರೆ ಬೇರೆ. ಇಂಗ್ಲೆಂಡ್‌ನಲ್ಲಿ ಇದಕ್ಕೆ ತದ್ವಿರುದ್ಧ: 2021ರ ಜುಲೈನಿಂದ ಅರ್ಧ ತೆರೆದ ಮೇಲೆ ಸ್ಪ್ರಿಂಗ್‌ನಿಂದ ಪೂರ್ತಿ ತೆರೆದುಕೊಳ್ಳುವ ಚಾಕುಗಳೂ ನಿಷಿದ್ಧ ಫ್ಲಿಕ್ ನೈಫ್‌ಗಳ (ಸ್ವಿಚ್‌ಬ್ಲೇಡ್‌ಗೆ ಅಲ್ಲಿನ ಹೆಸರು) ವ್ಯಾಖ್ಯೆಗೆ ಸೇರಿವೆ, ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ. ಲಂಡನ್ನಿನಲ್ಲಿರುವ ನೆಂಟರಿಗೆ ಉಡುಗೊರೆಯಾಗಿ ಕೊಂಡೊಯ್ಯುವ ಯೋಚನೆ ಬಿಡಿ. ಭಾರತದೊಳಗಿನ ವಿಮಾನ ಪ್ರಯಾಣದಲ್ಲಿ ಕೈಚೀಲಕ್ಕೆ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ.