ಐದು ಮನೆಯ ಪದಬಂಧ: ನನ್ನ ಅನುಭವ

ವಿಜಯಪುರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಶನಿವಾರ ಕೊನೆಯ ಪಿರಿಯಡ್‌ನಲ್ಲಿ ಬೋರ್ಡಿನ ಮೇಲೆ ಪದಬಂಧ ಬರೆಯುವುದು ನನ್ನ ರೂಢಿ. ದೊಡ್ಡದು ಕೊಟ್ಟರೆ ಮಕ್ಕಳು ನಾಲ್ಕು ಪದ ತುಂಬಿ ಪೆನ್ನು ಕೆಳಗಿಡುತ್ತಾರೆ. ಉದ್ದಕ್ಕೆ ಐದು, ಅಡ್ಡಕ್ಕೆ ಐದು ಮನೆ ಹಾಕಿದರೆ ಗಂಟೆ ಹೊಡೆದರೂ ಏಳುವುದಿಲ್ಲ. ‘ಇದು ಮುಗಿತೈತ್ರಿ ಸರ್’ ಎಂದಳು ಒಬ್ಬಳು.

ನ್ಯೂಯಾರ್ಕ್ ಟೈಮ್ಸ್‌ನ ದಿನದ ಪದಬಂಧ 15×15, ಅಂದರೆ 225 ಮನೆ. ಅದೇ ಪತ್ರಿಕೆ 2014ರಲ್ಲಿ ಶುರು ಮಾಡಿದ ‘ಮಿನಿ’ ಸಾಮಾನ್ಯವಾಗಿ 5×5, ಬರೀ 25. ಆದರೆ ಮನೆಗಳ ಲೆಕ್ಕಕ್ಕಿಂತ ಜಾಸ್ತಿ ಮುಖ್ಯ, ಸಿಕ್ಕಿಬಿದ್ದಾಗ ಏನಾಗುತ್ತದೆ ಅನ್ನೋದು. ದೊಡ್ಡದರಲ್ಲಿ ಮೇಲಿನ ಎಡಮೂಲೆ ತುಂಬಿದರೂ ಕೆಳಗಿನ ಬಲಮೂಲೆಗೆ ಅದರಿಂದ ಏನೂ ಸಿಗುವುದಿಲ್ಲ. ಅಲ್ಲಿ ಮತ್ತೆ ಮೊದಲಿನಿಂದ ಶುರು. ಚಿಕ್ಕದರಲ್ಲಿ ಯಾವ ಮೂಲೆಯೂ ದೂರವಿಲ್ಲ.

ಕನ್ನಡದಲ್ಲಿ ಇನ್ನೊಂದು ಅನುಕೂಲವಿದೆ. ಒಂದು ಮನೆಗೆ ಒಂದು ಅಕ್ಷರ, ಒತ್ತು ಗುಣಿತ ಎಲ್ಲ ಸೇರಿ. ಹಾಗಾಗಿ ‘ಗೋಲಗುಮ್ಮಟ’ ಐದೇ ಮನೆಯಲ್ಲಿ ಕೂರುತ್ತದೆ. ಇಂಗ್ಲಿಷ್‌ನಲ್ಲಾದರೆ ಒಂಬತ್ತು ಬೇಕು. ಒಮ್ಮೆ ಅದನ್ನೇ ನಟ್ಟನಡುವಿನ ಸಾಲಿಗೆ ಇಟ್ಟೆ. ಸುಳಿವು: ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ನಮ್ಮೂರ ಮಕ್ಕಳಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ‘ಗು’ ಇಂದ ಕೆಳಕ್ಕೆ ಗುಲಾಬಿ. ಅದರ ‘ಬಿ’ ಇಂದ ಬಲಕ್ಕೆ ಬಿಸಿಲು. ಕೊನೆಯ ‘ಟ’ಕ್ಕೆ ಮೇಲಿನಿಂದ ಇಳಿದುಬರುವ ಪದ ಕಿರೀಟ. ಅದರ ‘ಕಿ’ಗೆ ಎಡದಿಂದ ಬಂದು ಸೇರುವುದು ಬೆಂಕಿ. ಒಂದು ಪದ ಗೊತ್ತಿದ್ದವನು ಹೀಗೆ ಎರಡು ಮೂಲೆ ಮುಟ್ಟುತ್ತಾನೆ. ಗೊತ್ತಿರದ ಪದದ ಒಂದಾದರೂ ಅಕ್ಷರ ಅವನ ಕೈಗೆ ಮೊದಲೇ ಸಿಕ್ಕಿರುತ್ತದೆ.

ಹೆಣೆಯುವವರಿಗೆ ಕಷ್ಟವಿರುವುದು ಒತ್ತಕ್ಷರದಲ್ಲಿ. ‘ಮ್ಮ’ ಇಂದ ಶುರುವಾಗುವ ಪದವೇ ಇಲ್ಲ. ಅದರ ಮೇಲೆ ಕೆಳಗೆ ನಾನು ಕಪ್ಪು ಮನೆ ಹಾಕಿಬಿಡುತ್ತೇನೆ. ರ, ಲು, ರು ಬಂದರೆ ಖುಷಿ. ಕಿತ್ತೂರು ಮುಗಿಯುವ ‘ರು’ ಇಂದಲೇ ರುಮಾಲು ಶುರುವಾಗುತ್ತದೆ.

ಚಿಕ್ಕದು ಅಂತ ಸುಳಿವನ್ನು ಸಪ್ಪೆ ಮಾಡಬಾರದು. ಬಿಸಿಲಿಗೆ ‘ಸೂರ್ಯನ ಶಾಖ’ ಎಂದು ಬರೆದರೆ ಮಕ್ಕಳು ಸುಮ್ನೆ ತುಂಬುತ್ತಾರೆ. ‘ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಇದರದೇ ರಾಜ್ಯ’ ಎಂದಾಗ ತಲೆ ಎತ್ತಿ ಕಿಟಕಿಯಾಚೆ ನೋಡುತ್ತಾರೆ. ಈಗ ಅವರಲ್ಲಿ ಕೆಲವರು ಗಣಿತದ ಚೌಕದ ನೋಟ್‌ಬುಕ್ಕಿನಲ್ಲಿ ತಾವೇ ಪದಬಂಧ ಹೆಣೆದು ನನಗೆ ಬಿಡಿಸಲು ಕೊಡುತ್ತಿದ್ದಾರೆ.